ತಿರುವಿನ ಕ್ಷೌರದಂಗಡಿಯಲ್ಲಿ

ಮಾರ್ಚ್ ೧೪, ಶುಕ್ರವಾರ

ಪ್ರೀತಿಯ ಮಗಳೇ,

ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆಯದೆ ಕೂತಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಒಳ್ಳೆಯ ಸುದ್ದಿ ಸೇರಿಸಿ ಬರೆಯೋಣವೆಂದು ಕಾಯುತ್ತಿದ್ದೆ. ಅದು ಕೈಗೆ ಬಂದು ಜಾರಿತು. ನನ್ನ ಮಂಡಿನೋವು ಕಡಿಮೆಯಾಗಿದೆ. ನಿನ್ನ ಅಪ್ಪನ ಆರೋಗ್ಯ ಚೆನ್ನಾಗಿದೆ. ಅವರ ಬುದ್ಧಿಯ ವಿಷಯ ಮುಂದೆ ಬರೆದಿದ್ದೇನೆ.

ನಿನ್ನ ತಮ್ಮ ಸ್ಕಿಜೋಫ್ರೇನಿಯಾಗೆ ಮಾತ್ರೆಯ ಜೊತೆ ಮಾತಿನ ಚಿಕಿತ್ಸೆಯನ್ನೂ ತೆಗೆದುಕೊಳ್ಳುತ್ತಿದ್ದನಲ್ಲ. ಮಾತ್ರೆಯಿಂದ ಕಿವಿಯೊಳಗಿನ ಧ್ವನಿಗಳು ತಗ್ಗಿದ್ದವು. ಆದರೆ ಬೀದಿಯವರೆಲ್ಲ ತನ್ನ ಬಗ್ಗೆಯೇ ಮಾತಾಡಿಕೊಳ್ಳುತ್ತಾರೆ, ತಾನು ಹತ್ತಿರ ಹೋದರೆ ಸುಮ್ಮನಾಗುತ್ತಾರೆ ಎಂಬ ನಂಬಿಕೆ ಅಲುಗಿರಲಿಲ್ಲ. ಹೊರಗೆ ಹೋಗುವುದನ್ನೇ ಬಿಟ್ಟಿದ್ದ. ಕೂದಲು ಹೆಗಲಿಗೆ ಇಳಿದಿತ್ತು. "ಅದೆಲ್ಲ ಸುಳ್ಳು ಕಣೋ" ಎಂದು ನಾವು ವರ್ಷಗಟ್ಟಲೆ ಗಂಟಲು ಹರಿದುಕೊಂಡೆವು. ಆ ಮಾತಿನ ಚಿಕಿತ್ಸೆ ಕೊಡುವ ಸಮಾಲೋಚಕಿ ಒಂದು ದಿನವೂ ಹಾಗೆ ಹೇಳಲಿಲ್ಲ. ನಿನಗಿಂತ ಚಿಕ್ಕ ಹುಡುಗಿ. "ನಿಜಾನಾ ಸುಳ್ಳಾ ಅಂತ ನೋಡೇಬಿಡೋಣ. ಎಲ್ಲಿಗೆ ಹೋಗ್ತೀರಾ, ನೀವೇ ಹೇಳಿ" ಎಂದಳು. ಅವನೇ ತಿರುವಿನ ಕ್ಷೌರದಂಗಡಿಯನ್ನು ಆರಿಸಿದ. ಹೋಗಿ ಕೂತು, ಜನ ಏನು ಮಾತಾಡುತ್ತಾರೆಂದು ಕೇಳಿಸಿಕೊಂಡು ಬರಬೇಕು, ಅಷ್ಟೇ. ನಮಗೆ ಮಾತ್ರ, "ದಯವಿಟ್ಟು ಅಲ್ಲಿ ಯಾರಿಗೂ ಮೊದಲೇ ಹೇಳಿಡಬೇಡಿ" ಎಂದಿದ್ದಳು.

ಸೋಮವಾರ ಬೆಳಿಗ್ಗೆ ಅವನೇ ಅಂಗಿಗೆ ಇಸ್ತ್ರಿ ಹಾಕಿಕೊಂಡ. ನಾನು ಜೊತೆಗೆ ಹೋಗಿ ಹೊರಗಿನ ಬೆಂಚಿನ ಮೇಲೆ ಕೂತೆ. ಒಳಗೆ ಬಸ್ ಮುಷ್ಕರದ ಬಗ್ಗೆ ಜೋರು ಚರ್ಚೆ. ಇವನು ಬಾಗಿಲು ತಳ್ಳಿದ್ದೇ ತಡ, ಎಲ್ಲರ ಬಾಯಿಗೂ ಬೀಗ ಬಿತ್ತು. ಯಾರೋ ರೇಡಿಯೊವನ್ನೂ ಆರಿಸಿದರು. ಬಹಳ ಹೊತ್ತು ಕತ್ತರಿಯ ಸದ್ದು ಬಿಟ್ಟರೆ ಏನೂ ಇಲ್ಲ. ಕಡೆಗೆ ಕ್ಷೌರಿಕನೇ, ಪಾಪ, ಧೈರ್ಯ ತುಂಬಲು ಹೋದ: "ಹೆದರ್ಕೋಬೇಡಪ್ಪ. ನಿನ್ ಬಗ್ಗೆ ಇಲ್ಲಿ ಯಾರೂ ಮಾತಾಡಲ್ಲ. ನಿಮ್ಮಪ್ಪ ನಿನ್ನೆನೇ ಬಂದು ಎಲ್ರಿಗೂ ಹೇಳಿ ಹೋಗಿದಾರೆ."

ಅರ್ಧ ಕೂದಲು ಕತ್ತರಿಸಿದ್ದಂತೆಯೇ ನಿನ್ನ ತಮ್ಮ ಎದ್ದು ಬಂದುಬಿಟ್ಟ.

"ಯಾಕ್ರೀ ಹೋದ್ರಿ?" ಎಂದು ಮನೆಗೆ ಬಂದು ನಿನ್ನ ಅಪ್ಪನನ್ನು ಕೇಳಿದೆ.

"ಯಾರಾದ್ರೂ ಕಿಚಾಯಿಸಿಬಿಟ್ರೆ ಅಂತ ಕಣೇ. ಮಗನ ಒಳ್ಳೇದಕ್ಕೆ ತಾನೇ?"

"ಒಳ್ಳೇದು ಮಾಡೋಕೆ ಆ ಹುಡುಗಿ ಇದ್ಲಲ್ರೀ! ನಿಮಗಿದ್ದಿದ್ದು ಸುಮ್ನಿರೋ ಕೆಲ್ಸ ಒಂದೇ. ಅದೂ ಆಗ್ಲಿಲ್ವಾ?"

ಅಂದಿನಿಂದ ಅವರು ಪೇಪರ್ ಮುಖಕ್ಕೆ ಅಡ್ಡ ಹಿಡಿದು ಕೂತಿದ್ದಾರೆ. ಅದೇ ಪುಟ.

ಸಮಾಲೋಚಕಿ ಬೈಯಲಿಲ್ಲ. "ಆಗಿದ್ದನ್ನ ಮುಚ್ಚಿಡೋದು ಬೇಡ, ಅದನ್ನೇ ಮಾತಾಡೋಣ, ಕರ್ಕೊಂಡು ಬನ್ನಿ" ಎಂದಳು. ಹೇಗೆ ಕರೆದೊಯ್ಯಲಿ? ಅವನು ಬರುವುದಿಲ್ಲ ಎನ್ನುತ್ತಾನೆ, ಮಾತ್ರೆಯನ್ನೂ ದೂಡುತ್ತಾನೆ. ಅಕ್ಕನ ಮಾತಿಗೆ ಬೆಲೆ ಕೊಡುತ್ತಾನೆ. ನೀನೊಮ್ಮೆ ಫೋನ್ ಮಾಡು. ಬುದ್ಧಿ ಹೇಳಲು ಹೋಗಬೇಡ, ಕೇಳಿಸಿಕೋ.

ನೀನೂ ಅಳಿಯಂದಿರೂ ನೆಮ್ಮದಿಯಾಗಿರಿ. ಕೆಲಸದ ಗಡಿಬಿಡಿಯಲ್ಲಿ ಊಟ ಬಿಡಬೇಡ.

ನಿನ್ನ
ಅಮ್ಮ

ತಾ.ಕ.: ಅವನು ಕೋಪಿಸಿಕೊಂಡಿದ್ದಾನೆ ಎಂದುಕೊಳ್ಳಬೇಡ. ಅಂಗಡಿಯಿಂದ ಮನೆವರೆಗೂ ನಗುತ್ತಲೇ ಬಂದ. ಕಾಯಿಲೆ ಬಂದ ಮೇಲೆ ಅವನ ಮುಖ ಅಷ್ಟು ಹಗುರಾಗಿದ್ದನ್ನು ನಾನು ಕಂಡಿರಲಿಲ್ಲ. ನನ್ನ ಕೈ ಹಿಡಿದು, "ನೋಡಿದ್ಯಾ ಅಮ್ಮ, ನಿಜವಾಗ್ಲೂ ಮಾತಾಡ್ಕೊಂಡಿದ್ರು. ಅಂದ್ರೆ ನಂಗೇನೂ ಆಗಿಲ್ಲ, ಅಲ್ವಾ?" ಎಂದ. ದಿನಾ ಕೇಳುತ್ತಾನೆ. ನಾನು ಅಡುಗೆಮನೆಗೆ ಹೋಗಿಬಿಡುತ್ತೇನೆ.