ಐದು ಆಂಪಿಯರ್ ಮನೆಯಲ್ಲಿ ಅಮ್ಮನ ದನಿ

ಅಲ್ ಮೀನಾ, ತ್ರಿಪೋಲಿ, ಲೆಬನಾನ್
ಜನವರಿ 19, 2023, ಗುರುವಾರ

ಪ್ರೀತಿಯ ನಜ್ಲಾ ಅಕ್ಕನಿಗೆ,

ಹೇಗಿದ್ದೀಯ? ಮಂಡಿ ನೋವು ಇಳಿಯಿತೇ? ಸಾವೊ ಪಾವ್ಲೊದಲ್ಲಿ ಈಗ ಬೇಸಿಗೆಯಲ್ಲವೇ. ಇಲ್ಲಿ ಸಮುದ್ರದ ಗಾಳಿಗೆ ಕಿಟಕಿಗಳು ಬಡಿದುಕೊಳ್ಳುತ್ತಿವೆ. ನಾನು ಚೆನ್ನಾಗಿದ್ದೇನೆ. ಅಮ್ಮನ ಕಾಫಿ ಬಟ್ಟಲನ್ನು ಈಗಲೂ ದಿನಾ ತೊಳೆದಿಡುತ್ತೇನೆ, ಅದರಲ್ಲಿ ಯಾರೂ ಕುಡಿಯದಿದ್ದರೂ.

ಅಮ್ಮ ಹೋಗುವ ಮುಂಚೆ ನಿನಗೆಂದೇ ಮಾತಾಡಿ ರೆಕಾರ್ಡ್ ಮಾಡಿಸಿದ್ದನ್ನು ಕಳಿಸು ಎಂದು ನೀನು ಪ್ರತಿ ಸಲ ಫೋನಿನಲ್ಲಿ ಕೇಳುತ್ತೀಯ, ನಾನು ಬೇರೆ ಮಾತು ಎತ್ತುತ್ತೇನೆ. ಬಾಯಲ್ಲಿ ಹೇಳಲಾಗದೆ ಬರೆಯುತ್ತಿದ್ದೇನೆ. ಕಂಪ್ಯೂಟರ್ ಕೆಟ್ಟಿತು ಅಕ್ಕ. ಫೋನ್ ತುಂಬಿತೆಂದು, ನಿನ್ನದೂ ಸೇರಿ ಅಮ್ಮನ ಹನ್ನೊಂದು ರೆಕಾರ್ಡಿಂಗುಗಳನ್ನೂ ಅದಕ್ಕೇ ಹಾಕಿ, ಫೋನಿನಿಂದ ಅಳಿಸಿದ್ದೆ.

ಬೀದಿಗೆಲ್ಲ ಕರೆಂಟ್ ಮಾರುವ ಜನರೇಟರಿನವನು ಈಗಲೂ ನಮ್ಮ ಮನೆಗೆ ಕೊಡುವುದು ಐದೇ ಆಂಪಿಯರ್. ಫ್ರಿಜ್ಜು, ಕಂಪ್ಯೂಟರು ನಡೆಯುತ್ತಿರುವಾಗ ನೀರಿನ ಹೀಟರ್ ಹಾಕಿದರೆ ಮನೆಯೆಲ್ಲ ಟಪ್ಪೆಂದು ಆರುತ್ತದೆ. ಅದಕ್ಕೇ ಅಮ್ಮ ಅಡುಗೆಮನೆಯಿಂದ ಕೂಗುತ್ತಿದ್ದಳಲ್ಲ, "ಯಾರು ಏನು ಹಾಕಿದ್ದೀರಾ? ಹೀಟರ್ ಹಾಕ್ತಿದೀನಿ!" ಪಕ್ಕದ ಮನೆಯ ವಸೀಲಾ ಅತ್ತೆ ಬಾಲ್ಕನಿಯಿಂದಲೇ ನಗುತ್ತಿದ್ದರು, "ಬಂದ್ರಪ್ಪಾ, ಕರೆಂಟ್ ಆಫೀಸಿನ ದೊಡ್ಡ ಸಾಹೇಬ್ರು!" ಅಮ್ಮ ಹೋದ ಮೇಲೆ ಕೂಗುವವರಿಲ್ಲ. ನಾನೊಬ್ಬಳೇ ಅಲ್ಲವೇ, ಯಾರಿಗೆಂದು ಕೂಗಲಿ? ಕಂಪ್ಯೂಟರ್ ನಡೆಯುತ್ತಿರುವಾಗಲೇ ಹೀಟರ್ ಹಾಕುತ್ತಿದ್ದೆ. ವಾರಕ್ಕೆ ಮೂರು ಸಲ, ನಾಲ್ಕು ಸಲ ಆರುತ್ತಿತ್ತು. ಕರೆಂಟ್ ಹೋದರೂ ಕಂಪ್ಯೂಟರ್ ನಿಲ್ಲದಿರಲಿ ಎಂದು ನೀನು ಕೊಡಿಸಿದ ಬ್ಯಾಟರಿ ಪೆಟ್ಟಿಗೆಯನ್ನು ಅಮ್ಮ ಎಂದೋ ಇಂಟರ್ನೆಟ್ಟಿನ ರೂಟರಿಗೆ ಹಾಕಿಸಿದ್ದಳು. "ನಜ್ಲಾ ಮಾತಾಡ್ತಾ ಇರೋವಾಗ ಕಟ್ ಆಗ್ಬಾರ್ದು, ಕಂಪ್ಯೂಟರ್ ಬೇಕಾದ್ರೆ ಸಾಯಲಿ" ಅಂದಿದ್ದಳು.

ಹೀಗೆ ಆರಿ ಆರಿ ಒಂದು ದಿನ ಕಂಪ್ಯೂಟರಿನೊಳಗೆ ಟಿಕ್ ಟಿಕ್ ಎಂಬ ಸದ್ದು ಶುರುವಾಯಿತು. ಆದರೂ ಒಂಬತ್ತು ದಿನ ಅಮ್ಮನ ದನಿ ಕೇಳಲೆಂದು ಮತ್ತೆ ಮತ್ತೆ ಆನ್ ಮಾಡಿದೆ. ಹತ್ತನೆಯ ದಿನ ತೆರೆಯಲೇ ಇಲ್ಲ. ಬಂದರಿನ ಹತ್ತಿರ ರಿಪೇರಿ ಅಂಗಡಿ ಇಟ್ಟಿರುವ ಹಾಗೋಪ್ ಡಿಸ್ಕನ್ನು ಕಿವಿಗೆ ಹಿಡಿದು ನೋಡಿ ಬೈದ. "ಟಿಕ್ ಅಂದ ದಿನಾನೇ ಆಫ್ ಮಾಡಿ ತರೋದಲ್ವೇನಮ್ಮಾ? ಗಾಯದ ಕಾಲಲ್ಲಿ ಓಡಿಸಿದೀಯಲ್ಲ!" ಎರಡು ಪ್ರತಿ ಮಾಡಿದ್ದೇನೆ ಎಂದೆ. ಎಲ್ಲಿ ಎಂದ. ಅದೇ ಕಂಪ್ಯೂಟರಿನಲ್ಲಿ, ಎರಡು ಫೋಲ್ಡರಿನಲ್ಲಿ ಎಂದೆ. "ಒಂದೇ ದೋಣೀಲಿ ಅಣ್ಣ ಮುಂದೆ, ತಮ್ಮ ಹಿಂದೆ ಕೂತ್ರೆ, ಮುಳುಗಿದಾಗ ಒಬ್ಬನಾದ್ರೂ ಉಳೀತಾನಾ?" ನನಗೆ ಅಲ್ಲೇ ಅಳು ಬಂತು. ಆಮೇಲೆ ಅವನೇ ಕುರ್ಚಿ ಎಳೆದು ಕೂರಿಸಿ ನೀರು ಕೊಟ್ಟ.

ಮೂರು ವಾರ ಒದ್ದಾಡಿ ಮೂರು ರೆಕಾರ್ಡಿಂಗ್ ಉಳಿಸಿಕೊಟ್ಟಿದ್ದಾನೆ. ಒಂದರಲ್ಲಿ ಅಮ್ಮ ಮೀನಿನ ಕಿಬ್ಬೆ ಮಾಡುವುದನ್ನು ಹೇಳುತ್ತಾ ಹೇಳುತ್ತಾ ನಡುವೆ ಕೂಗುತ್ತಾಳೆ, "ಹೀಟರ್ ಹಾಕ್ತಿದೀನಿ!" ಕೇಳಿದ ಕೂಡಲೇ ನಾನು ಎದ್ದು ಇಸ್ತ್ರಿಪೆಟ್ಟಿಗೆಯ ಪ್ಲಗ್ ಕಿತ್ತೆ ಅಕ್ಕ.

ಒಂದು ಪ್ರತಿ ವಸೀಲಾ ಅತ್ತೆಯ ಬೀರುವಿನಲ್ಲಿದೆ, ಒಂದು ನನ್ನ ಹತ್ತಿರ. ಇನ್ನೊಂದು ಈ ಪತ್ರದ ಜೊತೆ ಬರುವ ಝಾತರ್ ಪುಡಿಯ ಡಬ್ಬಿಯಲ್ಲಿ, ಪ್ಲಾಸ್ಟಿಕ್ ಸುತ್ತಿದ ಪೆನ್‌ಡ್ರೈವ್. ಒಬ್ಬಳೇ ಕೂತು ಕೇಳಬೇಡ. ಫೋನ್ ಮಾಡು, ಇಬ್ಬರೂ ಒಟ್ಟಿಗೆ ಕೇಳೋಣ.

ಭಾವನವರಿಗೆ ನಮಸ್ಕಾರ, ಮಕ್ಕಳಿಗೆ ಮುತ್ತು. ದೇವರು ನಿನ್ನನ್ನು ಕಾಯಲಿ.

ನಿನ್ನ ತಂಗಿ,
ರುವೈದಾ

ಮರೆತ ಮಾತು: ಮರೆತದ್ದಲ್ಲ, ಕೈ ಏಳಲಿಲ್ಲ. ಉಳಿದ ಮೂರರಲ್ಲಿ ನಿನ್ನದಿಲ್ಲ. ಇಂಟರ್ನೆಟ್ ನಿಧಾನ, ಕಳಿಸಲಾಗುತ್ತಿಲ್ಲ ಎಂದು ಮೊದಮೊದಲು ನಿನಗೆ ಹೇಳಿದ್ದು ಸುಳ್ಳು. ಅಮ್ಮನ ನಲವತ್ತನೆಯ ದಿನದ ಪ್ರಾರ್ಥನೆ ಮುಗಿಯುವವರೆಗೆ ಅದು ನನ್ನೊಬ್ಬಳ ಹತ್ತಿರವೇ ಇರಲಿ ಎಂಬ ಆಸೆಗೆ ಕಳಿಸಲಿಲ್ಲ. ಕ್ಷಮಿಸು. ಅಮ್ಮ ನಿನಗೆಂದು ಮಾತಾಡಿದ ದಿನದ ನನ್ನ ಡೈರಿಯಲ್ಲಿ ಅವಳದೇ ಮಾತಿನ ಎರಡು ಸಾಲಿವೆ, ಇದ್ದ ಹಾಗೇ ಬರೆಯುತ್ತೇನೆ: "ನಜ್ಲಾ ಬರ್ಲಿಲ್ಲ ಅಂತ ನಂಗೆ ಸಿಟ್ಟಿಲ್ಲ ಅಂತ ಹೇಳು. ಬಂದಿದ್ರೆ ವಾಪಸ್ ಕಳಿಸೋಕೆ ನನ್ನ ಕೈಲಿ ಆಗ್ತಿರ್ಲಿಲ್ಲ." ನೀನೂ ಎಲ್ಲಾದರೂ ಬರೆದಿಟ್ಟುಕೋ. ಇದರದು ನನ್ನ ಹತ್ತಿರ ಒಂದೇ ಪ್ರತಿ ಇದೆ.