ಹೆಗಲು ಕೊಟ್ಟವರ ಊರಿನಿಂದ

ಗದಗ,
ಫೆಬ್ರವರಿ ಮೂವತ್ತು, ಕ್ರಿ.ಶ. ೨೩೯೪

ದ್ಯಾಮವ್ವಜ್ಜಿಗೆ, ನಿನ್ನ ವಂಶದ ಕಲ್ಲವ್ವ ಮಾಡುವ ಶರಣು.

ಫೆಬ್ರವರಿಗೆ ಮೂವತ್ತು ಎಲ್ಲಿಂದ ಬಂತೆಂದು ನಗಬೇಡ. ಆ ತಿಂಗಳಲ್ಲೂ ದುಡಿಮೆ ಕಡಿಮೆಯಾಗಬಾರದೆಂದು ನಮ್ಮ ಹಿರಿಯರು ದಿನ ಸೇರಿಸಿಕೊಂಡರು. ನನ್ನ ಕೆಲವು ಮಾತು ನಿನಗೆ ವಿಚಿತ್ರವೆನಿಸಿದರೆ ಕ್ಷಮಿಸು. ನೀನು ಖಾನಾವಳಿಯಲ್ಲಿ ರೊಟ್ಟಿ ಬಡಿಯುವವಳು ಎಂಬುದು ನಮ್ಮ ಮನೆಯಲ್ಲಿ ಇನ್ನೂ ಗೊತ್ತು. ನಿನ್ನ ಬಲ ಹೆಗಲಿನಲ್ಲಿ, ಮಾಂಸವನ್ನು ಎಲುಬಿಗೆ ಕಟ್ಟುವ ನಾರು ಊದಿಕೊಂಡು ಉರಿಯುತ್ತಿತ್ತೆಂಬುದೂ ಗೊತ್ತು. ಡಾಕ್ಟರು ಕೈಗೆ ಬಿಡುವು ಕೊಡು ಎಂದರೆ, ನೀನು ಗುಳಿಗೆ ನುಂಗಿ ಮತ್ತೆ ಒಲೆಯ ಮುಂದೆ ಕೂತೆ. "ನೋವಿಗೆ ಕಿವಿ ಕೊಡಬ್ಯಾಡ್ರಿ, ದುಡಿಮಿಗೆ ಹೆಗಲು ಕೊಡ್ರಿ" ಎಂದು ಜೊತೆಯ ಹೆಂಗಸರಿಗೂ ಹೇಳಿದೆ. ಮಾಲೀಕನಿಗೆ ಆ ಮಾತು ಸಕ್ಕರೆಯಾಯಿತು. ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿದ. ಅಜ್ಜಿ, ಊರೆಲ್ಲ ಬಿದ್ದಾಗಲೂ ಆ ಗೋಡೆಯೊಂದು ನಿಂತಿತು.

ಆಮೇಲೆ ಬಂದ ಹಿರಿಯರು ಅದನ್ನು ಓದಿದರು. ಕೊಡು ಎಂದರೆ ಕೊಟ್ಟುಬಿಡು ಎಂದೇ ತಿಳಿದರು. ಹಾಗಾಗಿ ನಮ್ಮಲ್ಲಿ ಮಕ್ಕಳು ದುಡಿಯುವ ವಯಸ್ಸಿಗೆ ಬಂದೊಡನೆ ಹೆಗಲು ಕೊಡುವ ಶಾಸ್ತ್ರ ಮಾಡುತ್ತೇವೆ. ಹೊಸ ಬಟ್ಟೆ, ಮಾದಲಿ ಊಟ, ಆರತಿ ಎಲ್ಲವೂ ಉಂಟು. ಆರತಿಯಾದ ಮೇಲೆ ಆ ಗೋಡೆಯ ಮುಂದೆ ಕೂರಿಸಿ, ಹೆಗಲಿನೊಳಗೆ ಮೂಕಮಣಿ ಇಡುತ್ತಾರೆ. ಜೋಳದ ಕಾಳಿನಷ್ಟಿರುವ ಅದು ಹೆಗಲಿನ ನೋವು ತಲೆಗೆ ಮುಟ್ಟದಂತೆ ತಡೆಯುತ್ತದೆ. ನಂತರ, ಊರಿಗೆ ಬೆಳಕು ಕೊಡುವ ಗಾಳಿಕಂಬಗಳ ಕೆಳಗೆ ದಿನವಿಡೀ ಕೈಯೆತ್ತಿ ನಿಂತು ರೆಕ್ಕೆ ಒರೆಸಬಹುದು. ಯಾರೂ ಅಯ್ಯೋ ಎನ್ನುವುದಿಲ್ಲ.

ನೋವು ಹೋಯಿತು, ಸವೆತ ಹೋಗಲಿಲ್ಲ. ಕೈಯೆತ್ತಿದಾಗಲೆಲ್ಲ ನಾರು ಮೇಲಿನ ಎಲುಬಿಗೆ ಉಜ್ಜುತ್ತದೆ, ಊದುತ್ತದೆ, ಕೊನೆಗೆ ಎಳೆಎಳೆಯಾಗಿ ಹರಿಯುತ್ತದೆ. ಒಂದು ದಿನ ಮಾತಾಡುತ್ತಿರುವಾಗಲೇ ಕೈ ಜೋತುಬೀಳುತ್ತದೆ, ಮತ್ತೆ ಮೇಲೇಳುವುದಿಲ್ಲ. ಅದು ಅವರಿಗೆ ಗೊತ್ತಾಗುವುದಿಲ್ಲ, ಪಕ್ಕದವರು ಹೇಳಬೇಕು. ನಮ್ಮ ಮನೆಗಳಲ್ಲಿ ಸೊಂಟಕ್ಕಿಂತ ಮೇಲೆ ಗೂಡುಗಳಿಲ್ಲ. ಬಾಚಣಿಗೆಯನ್ನು ಗೋಡೆಗೆ ಮೊಳೆ ಹೊಡೆದು ಕೂರಿಸಿದ್ದೇವೆ, ತಲೆಯನ್ನೇ ಅದಕ್ಕೆ ಉಜ್ಜುತ್ತೇವೆ. ಮಕ್ಕಳನ್ನು ಯಾರೂ ಎತ್ತಿಕೊಳ್ಳುವುದಿಲ್ಲ. ಅವೇ ಮೈಮೇಲೆ ಹತ್ತಿ ಬರುತ್ತವೆ. ಸಂಜೆ ಗಾಳಿ ಬೀಸಿದಾಗ ಸಂತೆಯಲ್ಲಿ ನಿಂತವರ ಕೈಗಳೆಲ್ಲ ಒಂದೇ ಕಡೆಗೆ ತೂಗುತ್ತವೆ. ಅವರು ಬದನೆಕಾಯಿ ಹೇಗೆಂದು ಕೇಳುತ್ತಲೇ ಇರುತ್ತಾರೆ.

ನನ್ನ ಮೂಕಮಣಿ ಕೆಟ್ಟುಹೋಯಿತು. ಮೊದಲ ಸಲ ನೋವು ಬಂದಾಗ, ಹೆಗಲೊಳಗೆ ಯಾರೋ ಕೂತಿದ್ದಾರೆಂದು ಕಿರುಚಿದೆ. ಬರಬರುತ್ತ ಅದರ ಮಾತು ತಿಳಿಯಿತು. ಕೈಯನ್ನು ಪಕ್ಕಕ್ಕೆ ಎತ್ತಿದರೆ ಬೈಯುತ್ತದೆ, ಆ ಮಗ್ಗುಲಿಗೆ ಮಲಗಿದರೆ ಬೈಯುತ್ತದೆ, ಬಿಡುವು ಕೊಟ್ಟರೆ ತಣಿಯುತ್ತದೆ. ಕೈಯೆತ್ತುವ ಕೆಲಸ ಬಿಟ್ಟೆ, ತಣ್ಣೀರಿನ ಬಟ್ಟೆ ಹಾಕಿದೆ. ಹಾಗೆಂದು ಕೈಯನ್ನು ಕಟ್ಟಿ ಇಡಲಿಲ್ಲ. ಕಟ್ಟಿಟ್ಟ ಹೆಗಲು ಬಿಗಿದುಕೊಳ್ಳುತ್ತದೆ. ನಮ್ಮ ಮಕ್ಕಳ ಆಟವೊಂದಿದೆ: ಬಗ್ಗಿ ನಿಂತು, ಕೈ ಇಳಿಬಿಟ್ಟು, "ಕೊಡ ತೂಗ, ಕೊಡ ತೂಗ, ಬಾವಿ ತಳ ಮುಟ್ಟಬ್ಯಾಡ" ಎನ್ನುತ್ತ ಮೆಲ್ಲಗೆ ತೂಗುವುದು. ಅದನ್ನೇ ಆಡಿದೆ. ಅದು ಡಾಕ್ಟರು ನಿನಗೆ ಹೇಳಿಕೊಟ್ಟ ವ್ಯಾಯಾಮ, ಅಲ್ಲವೇ ಅಜ್ಜಿ? ಮೊಮ್ಮಕ್ಕಳಿಗೆ ಆಟ ಮಾಡಿ ಕೊಟ್ಟೆ, ನೀನು ಮಾತ್ರ ಮಾಡಲಿಲ್ಲ, ಮೊಂಡಿ! ನೋವು ಇಳಿದ ಮೇಲೆ ಸ್ವಲ್ಪಸ್ವಲ್ಪವೇ ಭಾರ ಎತ್ತಿ ಬಲ ತಂದುಕೊಂಡೆ. ಈಗ ಈ ಊರಿನಲ್ಲಿ ನನ್ನ ವಯಸ್ಸಿನವರಲ್ಲಿ, ಎದುರು ನಿಂತವರ ತಲೆಯ ಮೇಲೆ ಕೈಯಿಟ್ಟು ಹರಸಬಲ್ಲವಳು ನಾನೊಬ್ಬಳೇ. ಜನ ನನ್ನನ್ನು ಕಂಡು ಹೆದರುತ್ತಾರೆ.

ನಮ್ಮವ್ವ ಸತ್ತಾಗ ಹೆಣವನ್ನು ಗಾಡಿಗೆ ಉರುಳಿಸುತ್ತಿದ್ದರು. ನಾನೊಬ್ಬಳೇ ಎತ್ತಲು ಹೋದೆ. ಪಕ್ಕದ ಮನೆಯ ಮುದುಕ ಈರಪ್ಪ ಅದನ್ನು ನೋಡಿ, "ಹಿಂದಕ ಹೆಗಲು ಕೊಡೂದಂದ್ರ ಹೊರಾಕ ಜೋಡಿ ಆಗೂದಂತ, ಕಳಕೊಳ್ಳೂದಲ್ಲ ಯವ್ವಾ" ಎಂದ. ಒಂದು ಮಾತನ್ನು ತಪ್ಪು ಓದಿ ಇಷ್ಟು ಜನರ ಕೈ ಹೋಯಿತೇ!

ಇವತ್ತು ನನ್ನ ಮಗಳು ಹೊನ್ನವ್ವನ ಶಾಸ್ತ್ರ. ಬೇಡವೆಂದು ಅವಳ ಕಾಲು ಹಿಡಿದೆ. "ನಿನ್ನ ನೋವು ನೀನ ಇಟ್ಕೋ ಯವ್ವಾ. ನನ್ನ ಗೆಳತ್ಯಾರೆಲ್ಲಾ ಕೊಟ್ಟಾರ, ನಾ ಒಬ್ಬಾಕಿ ಅಳಕೋಂತ ಕುಂದ್ರಲೇನು?" ಎಂದು ಬಿಡಿಸಿಕೊಂಡು ಹೋದಳು.

ಅದಕ್ಕೇ ನಿನ್ನನ್ನು ಬೇಡುತ್ತೇನೆ. ಗೋಡೆಯ ಬಣ್ಣ ಇನ್ನೂ ಹಸಿಯಿದ್ದರೆ ಸೆರಗಿನಿಂದ ಒರೆಸಿಬಿಡು. ಒಣಗಿದ್ದರೆ ಸುಣ್ಣ ಬಳಿ. ಮಾಲೀಕ ಬೈದರೆ ಬೈಯಲಿ. ಡಾಕ್ಟರ ಬಳಿ ಮತ್ತೆ ಹೋಗು, ಕೆಲವು ದಿನ ರೊಟ್ಟಿಯನ್ನು ಬೇರೆಯವರು ಬಡಿಯಲಿ. ಎಲ್ಲರಿಗೂ ಕೇಳುವಂತೆ ಒಮ್ಮೆ ಅಯ್ಯೋ ಅನ್ನು.

ಹೊನ್ನವ್ವ ಬಂದಳು. ಹಣೆಯ ಮೇಲೆ ಕುಂಕುಮವಿದೆ. ಅವಳನ್ನು ಎದುರಿಗೆ ಕೂರಿಸಿಕೊಂಡು, ಹೆಗಲಿನ ಸಂದಿಗೆ ನನ್ನ ಹೆಬ್ಬೆರಳು ಊರಿದ್ದೇನೆ. ಎಡಗೈಯಿಂದ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಮನ್ನಿಸು. ನೀನು ಒರೆಸಿದ್ದರೆ ಅವಳು ಈಗ ಚೀರಬೇಕು. ಇನ್ನೂ ಜೋರಾಗಿ ಒತ್ತುತ್ತಿದ್ದೇನೆ. ಅವಳು ನನ್ನನ್ನೇ ನೋಡುತ್ತ ನಗುತ್ತಿದ್ದಾಳೆ.

ಬೇಗ ಒರೆಸು, ಅಜ್ಜಿ.