ಬಣ್ಣದ ಕೆಳಗಿನ ಚಂಪಾವತಿ

ಧಾರವಾಡ
2214ನೇ ಇಸವಿ, ಎರಡನೇ ಬೇಸಿಗೆಯ ಒಂಬತ್ತನೇ ದಿನ

1961ರ ಧಾರವಾಡದಲ್ಲಿರುವ ಚಿತ್ರಗಾರ್ತಿ ನೀಲಗಂಗಾ ಬಡಿಗೇರ ಅವರಿಗೆ,

ಇನ್ನೂ ಬಾರದ ಕಾಲದಿಂದ ಬಂದ ಕಾಗದವಿದು. ನನ್ನ ಕನ್ನಡ ನಿಮಗೆ ಒರಟಾಗಿ ಕೇಳಿಸಿದರೆ ಕ್ಷಮಿಸಿ. ನನ್ನ ಹೆಸರು ಇರಾವತಿ, ಚಂಪಾವತಿಯ ಎಂಟನೇ ತಲೆಮಾರಿನವಳು. ಹಳೆಯ ಚಿತ್ರಗಳನ್ನು ಶುಚಿಮಾಡುವುದು ನನ್ನ ಕೆಲಸ. ಬೆಳಗಿನ ಹತ್ತರಿಂದ ಸಂಜೆ ಐದರವರೆಗೆ ಇಲ್ಲಿ ಯಾರೂ ಬಿಸಿಲಿಗೆ ಕಾಲಿಡುವುದಿಲ್ಲ; ಅದನ್ನು ಉರಿವೇಳೆ ಎನ್ನುತ್ತೇವೆ. ಆ ಹೊತ್ತಿನಲ್ಲಿ ಊರೆಲ್ಲ ನೆಲಮಾಳಿಗೆಗೆ ಇಳಿಯುತ್ತದೆ. ಅಲ್ಲೇ ಮಕ್ಕಳ ಪಾಠ, ಅಲ್ಲೇ ಮಗ್ಗ, ಅಲ್ಲೇ ನನ್ನ ಮೇಜು. ನಿಮ್ಮ ಚಿತ್ರ ಆ ಮೇಜಿಗೆ ಬಂತು.

ಆ ಚಿತ್ರದ ಹಗರಣ ನಮ್ಮ ಶಾಲೆಯ ಪುಸ್ತಕದಲ್ಲೂ ಇದೆ. ಸಚಿವ ಹಂಪಣ್ಣವರ ಅವರು ಹೊಸ ನಾಟ್ಯಮಂದಿರಕ್ಕೆಂದು ನಿಮ್ಮಿಂದ ತಮ್ಮ ಕುಟುಂಬದ ದೊಡ್ಡ ಚಿತ್ರ ಬರೆಸಿದರು. ಅದು ಮುಗಿಯುವಷ್ಟರಲ್ಲಿ ಅವರ ಮನಸ್ಸು ಗಿರಣಿ ಮಾಲೀಕರೊಬ್ಬರ ಮಗಳ ಕಡೆ ಹೊರಳಿತ್ತು. ಹೆಂಡತಿ ಚಂಪಾವತಿಯ ಮುಖದ ಮೇಲೆ ಆ ಹುಡುಗಿಯ ಮುಖ ಬರೆಯಬೇಕೆಂದು ನಿಮಗೆ ಹೇಳಿಕಳಿಸಿದರು. ನೀವು ಬರೆದಿರಿ. ಉದ್ಘಾಟನೆಗೆ ಚಂಪಾವತಿ ಕರೆಯದಿದ್ದರೂ ಬಂದು, ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದಳಂತೆ. ಪರದೆ ಸರಿದಾಗ ಅವಳು ಎದ್ದುಹೋಗಲಿಲ್ಲ, ಅಳಲಿಲ್ಲ. ಭಾಷಣಗಳು ಮುಗಿಯುವವರೆಗೂ ಚಿತ್ರವನ್ನೇ ನೋಡುತ್ತಿದ್ದಳು.

ಪತ್ರಿಕೆಗಳು ಎರಡು ತಿಂಗಳು ಬರೆದವು. ಚಂಪಾವತಿಯೊಡನೆ ತಮಗೆ ಮದುವೆಯೇ ಆಗಿಲ್ಲವೆಂದ ಸಚಿವರು, ಮನೆಯಲ್ಲಿದ್ದ ಅವಳ ಫೋಟೋಗಳನ್ನೆಲ್ಲ ಸುಡಿಸಿದರು. ಚಿತ್ರದ ಆ ಜಾಗದಲ್ಲಿ ಮೊದಲು ಯಾರಿದ್ದರು ಎಂದು ಸರ್ಕಾರ ನಡೆಸಿದ ವಿಚಾರಣೆಯಲ್ಲಿ ನಿಮ್ಮನ್ನು ಕೇಳಿದರು.

"ನೆನಪಿಲ್ಲ," ಎಂದಿರಿ.

ಸಚಿವರು ಕುರ್ಚಿ ಉಳಿಸಿಕೊಂಡರು. ಚಂಪಾವತಿ ಮಗಳೊಂದಿಗೆ ಗದಗಿಗೆ ಹೋಗಿ ಹೊಲಿಗೆ ಕಲಿಸಿ ಬದುಕಿದಳು.

ನಿಮ್ಮನ್ನು ಬೈಯುವ ಮನೆಯಲ್ಲಿ ಬೆಳೆದವಳು ನಾನು. ಕಳೆದ ತಿಂಗಳು ಮೇಲಿನ ಬಣ್ಣ ತೆಗೆಯಲು ಕೂತಾಗ ಅದು ಒಣ ಸಿಪ್ಪೆಯಂತೆ ಬಿಟ್ಟುಬಂತು. ಕೆಳಗಿನ ಮುಖಕ್ಕೆ ಒಂದು ಗೀರೂ ಬೀಳದಂತೆ ನೀವು ನಡುವೆ ದಪ್ಪಗೆ ವಾರ್ನಿಶ್ ಬಳಿದಿದ್ದಿರಿ. ನಮ್ಮ ಅಜ್ಜಿಯರ ಅಜ್ಜಿಯರು ಯಾರೂ ಕಾಣದ ಮುಖ ನನ್ನೆದುರು ಇತ್ತು. ಆ ದಿನ ಕೆಲಸ ನಿಲ್ಲಿಸಿದೆ.

ನಿಮ್ಮ ದಿನಚರಿ ನಮ್ಮ ಸಂಗ್ರಹಾಲಯದಲ್ಲಿದೆ. ಚಿತ್ರಕ್ಕಾಗಿ ನಿಮ್ಮೆದುರು ಕೂತ ಚಂಪಾವತಿ ಆಡಿದ ಮಾತು ಅದರಲ್ಲಿದೆ: "ನನ್ನ ಮೂಗು ಇದ್ದಂಗ ಬರಿ ತಂಗಿ. ಮುಂದ ನನ್ನ ಮಗಳು ನೋಡಿದರ ಗುರುತು ಹತ್ತಬೇಕು." ವಿಚಾರಣೆಯ ನಂತರ ನಾಲ್ಕು ದಿನ ಒಂದೇ ಸಾಲು ಬರೆದಿದ್ದೀರಿ, ಗದಗಿಗೆ ಹೋಗಬೇಕು ಎಂದು. ಐದನೇ ದಿನದಿಂದ ಹಾಳೆ ಖಾಲಿ. ನೀವು ಹೋಗಲಿಲ್ಲ. ಅವಳು ಇನ್ನೂ ಮೂವತ್ತೊಂದು ವರ್ಷ ಬದುಕಿ, ತನ್ನನ್ನು ಪೂರ್ತಿ ಅಳಿಸಿಬಿಟ್ಟಿದ್ದಾರೆಂದೇ ನಂಬಿ ತೀರಿಕೊಂಡಳು.

ಈ ಕಾಗದ ಆ ಐದನೇ ದಿನ ನಿಮ್ಮ ಕೈ ಸೇರಲಿ. ವಿಚಾರಣೆಯವರಿಗೆ ಏನೂ ಹೇಳಬೇಡಿ, ಪತ್ರಿಕೆಯವರನ್ನೂ ಕರೆಯಬೇಡಿ. ಬೆಳಗಿನ ರೈಲು ಹತ್ತಿ. ಹೊಲಿಗೆ ಶಾಲೆಯ ಬಾಗಿಲಿಗೆ ಅವಳನ್ನು ಕರೆಸಿ, ಮುಖ ಒಳಗೆ ಹಾಗೇ ಇದೆ ಅಕ್ಕಾ ಎಂದಷ್ಟೇ ಹೇಳಿ ಬನ್ನಿ. ನಾನೇ ಹೇಳೋಣವೆಂದರೆ ಬಹಳ ತಡವಾಗಿ ಹುಟ್ಟಿದ್ದೇನೆ.

ಇರಾವತಿ